ಮರಣಶಯ್ಯೆಯ ತಲಾಕ್ ಮತ್ತು ತುಮಾದಿರ್‌ರ ಪಾಲು

ಹ. ಅಬ್ದುರ್ರಹ್ಮಾನ್ ಬಿನ್ ಔಫ್(ರ)ರ ಹೆಸರು ಕೇಳಿದೊಡನೆ ನಿಮಗೆ ಅವರ ವ್ಯಾಪಾರ, ಸಂಪತ್ತು, ದಾನಗಳು ನೆನಪಾಗಬಹುದು. ಸ್ವರ್ಗದ ಶುಭವಾರ್ತೆ ಪಡೆದ ಹತ್ತು ಮಂದಿ ಸಹಾಬಿಗಳಲ್ಲಿ ಅವರೂ ಒಬ್ಬರು. ಆದರೆ ಅವರ ಕೊನೆಯ ದಿನಗಳ ಒಂದು ಪ್ರಸಂಗವನ್ನು ನೀವು ಪ್ರವಚನಗಳಲ್ಲಿ ಕೇಳಿರುವುದು ಅಪರೂಪ.

ಮದೀನಾಕ್ಕೆ ಅವರು ಬಂದದ್ದು ಬರಿಗೈಯಲ್ಲಿ. ಪ್ರವಾದಿ(ಸ)ರು ಅವರಿಗೆ ಸಹೋದರನನ್ನಾಗಿ ಮಾಡಿಕೊಟ್ಟ ಅನ್ಸಾರಿ ಸಅದ್ ಬಿನ್ ರಬೀಅ್(ರ) ತಮ್ಮ ಸೊತ್ತಿನ ಅರ್ಧವನ್ನೇ ಕೊಡಲು ಮುಂದಾದರು. ಅವರು ಅದನ್ನೊಪ್ಪದೆ ಪೇಟೆಯ ದಾರಿ ಕೇಳಿದರು. ತುಪ್ಪ, ಒಣಗಿಸಿದ ಮೊಸರಿನ ವ್ಯಾಪಾರದಿಂದ ಆರಂಭಿಸಿ ದೊಡ್ಡ ಶ್ರೀಮಂತರಾದರು. ಹಿಜರಿ 6ರಲ್ಲಿ ದೂಮತುಲ್ ಜಂದಲ್‌ಗೆ ಸೇನೆಯೊಂದಿಗೆ ಹೋದಾಗ ಕಲ್ಬ್ ಗೋತ್ರದ ನಾಯಕ ಅಸ್ಬಗ್‌ರ ಮಗಳು ತುಮಾದಿರ್‌ರನ್ನು ವರಿಸಿದರು. ಮದೀನಾದ ಹೆಸರಾಂತ ವಿದ್ವಾಂಸ ಅಬೂ ಸಲಮಾ ಈ ದಂಪತಿಯ ಮಗ.

ಹಿಜರಿ 32ರಲ್ಲಿ, ಎಂದರೆ ಕ್ರಿ.ಶ. 652ರ ಸುಮಾರಿಗೆ, ಅವರು ಕಾಯಿಲೆ ಬಿದ್ದರು. ಆ ಕಾಯಿಲೆಯಲ್ಲೇ ತುಮಾದಿರ್‌ರಿಗೆ ಕೊನೆಯ ತಲಾಕ್ ಕೊಟ್ಟರು. ವಿಚ್ಛೇದನ ಕೇಳಿದ್ದು ಆಕೆಯೇ ಎಂದೂ ವರದಿಯಿದೆ. ಅದೇ ಕಾಯಿಲೆಯಲ್ಲಿ ಅವರು ನಿಧನರಾದರು. ಈಗ ಪ್ರಶ್ನೆ ಎದ್ದಿತು: ಸಂಬಂಧ ಕಡಿದುಹೋದ ಸ್ತ್ರೀಗೆ ಸೊತ್ತಿನಲ್ಲಿ ಪಾಲುಂಟೇ?

ಖಲೀಫಾ ಉಸ್ಮಾನ್(ರ) ಉಂಟೆಂದು ತೀರ್ಪಿತ್ತರು. ಗೆಳೆಯನ ಉದ್ದೇಶದ ಬಗ್ಗೆ ಅವರಿಗೆ ಸಂಶಯವಿರಲಿಲ್ಲ. ಗಮನಿಸಿ, ಸಂಶಯವಿಲ್ಲದಿದ್ದರೂ ಪಾಲು ಕೊಡಿಸಿದರು! ಇಂಥವರಿಂದಲೇ ಈ ನಿಯಮ ಜಾರಿಯಾದ ಬಳಿಕ, ಹೆಂಡತಿಯನ್ನು ವಂಚಿಸಲೆಂದೇ ಸಾಯುವ ಹೊತ್ತಿಗೆ ತಲಾಕ್ ಹೇಳುವವನಿಗೆ ಬೇರೆ ದಾರಿ ಎಲ್ಲಿ?

ಅನ್ನಿಸಾ ಅಧ್ಯಾಯದ 12ನೇ ಸೂಕ್ತದಂತೆ, ಮಕ್ಕಳಿದ್ದಾಗ ಪತ್ನಿಯರಿಗೆಲ್ಲ ಸೇರಿ ಎಂಟನೆಯ ಒಂದು ಪಾಲು. ಪತ್ನಿಯರು ನಾಲ್ವರಾದ್ದರಿಂದ ತುಮಾದಿರ್‌ರಿಗೆ ಬಂದದ್ದು ಮೂವತ್ತೆರಡರಲ್ಲಿ ಒಂದು. ಅದಕ್ಕೆ ಬದಲಾಗಿ 80,000 ನಾಣ್ಯಗಳಿಗೆ ರಾಜಿಯಾಯಿತಂತೆ. 83,000 ಎಂದೂ ಹೇಳುತ್ತಾರೆ.

ಇಂದು ತುಪ್ಪದ ವ್ಯಾಪಾರದ ಜಾಗದಲ್ಲಿ ಭವಿಷ್ಯನಿಧಿ, ಗ್ರಾಚ್ಯುಟಿಗಳಿವೆ. ನಿಮ್ಮ ಕುಟುಂಬದಲ್ಲಿ ಇಂಥ ಪ್ರಸಂಗ ಬಂದರೆ ಮದ್ಹಬ್ ಕೇಳಿಕೊಳ್ಳಿ. ಹನಫಿಗಳಲ್ಲಿ ಪತಿ ಇದ್ದತ್‌ನೊಳಗೆ ತೀರಿಕೊಂಡರೆ, ತಲಾಕನ್ನು ಆಕೆಯೇ ಕೇಳಿ ಪಡೆದಿರದಿದ್ದರೆ, ಪಾಲುಂಟು. ಮಾಲಿಕಿಗಳಲ್ಲಿ ಇದ್ದತ್ ಮುಗಿದರೂ ಉಂಟು. ನಮ್ಮ ಕರಾವಳಿಯ ಬ್ಯಾರಿ, ನವಾಯತರಲ್ಲಿ ಹೆಚ್ಚಿನವರು ಅನುಸರಿಸುವ ಶಾಫಿಈ ಮದ್ಹಬ್‌ನ ಪ್ರಬಲ ಅಭಿಪ್ರಾಯದಲ್ಲಿ ಅಂತಿಮ ತಲಾಕ್ ಆದ ಮೇಲೆ ಪಾಲಿಲ್ಲ. ಆದರೆ ಬಾಕಿ ಉಳಿದ ಮಹ್ರ್ ಎಲ್ಲರಲ್ಲೂ ಸಾಲವೇ. ಮಕ್ಕಳು ಪಾಲು ಹಂಚಿಕೊಳ್ಳುವ ಮುನ್ನ ಅದನ್ನು ಆಕೆಯ ಕೈಗೆ ಎಣಿಸಿ ಕೊಡಬೇಕು.