ಬಿಚ್ಚುವುದಕ್ಕೆಂದೇ ಕಟ್ಟಿದವರು: ಬ್ರದರ್ ಆಂದ್ರೆಯಾ ಪೊಝೊ

ಹಬ್ಬದ ನಾಟಕ ಮುಗಿದ ರಾತ್ರಿ ಎಲ್ಲರೂ ಮನೆಗೆ ಹೋದ ಮೇಲೂ ಕೆಲವರು ರಂಗದ ಮೇಲೆ ಉಳಿದಿರುತ್ತಾರೆ. ಅವರು ಪರದೆ ಇಳಿಸುತ್ತಾರೆ, ಚೌಕಟ್ಟು ಬಿಚ್ಚುತ್ತಾರೆ. ಅವರ ಹೆಸರು ಆಮಂತ್ರಣ ಪತ್ರಿಕೆಯಲ್ಲಿ ಇರುವುದು ಅಪರೂಪ. ಈ ಕೆಲಸವನ್ನೇ ಸೇವೆಯಾಗಿ ಮಾಡಿದ ಒಬ್ಬ ಮಹಾನ್ ಕಲಾವಿದ ಆಂದ್ರೆಯಾ ಪೊಝೊ.

ಪೊಝೊ 1642ರಲ್ಲಿ ಉತ್ತರ ಇಟಲಿಯ ತ್ರೆಂತೊ ನಗರದಲ್ಲಿ ಜನಿಸಿದರು. ಚಿತ್ರಕಲೆ ಕಲಿತು, 1665ರಲ್ಲಿ ಮಿಲಾನಿನಲ್ಲಿ ಯೇಸುಸಭೆಯನ್ನು ಸೇರಿದರು. ಗುರುದೀಕ್ಷೆ ಪಡೆಯದೆ, ಜೀವನಪೂರ್ತಿ ಬ್ರದರ್ ಆಗಿಯೇ ಉಳಿದರು. ಸಭೆಯ ಮಹಾಧಿಪತಿಗಳ ಕರೆಯಂತೆ 1681ರಲ್ಲಿ ರೋಮಿಗೆ ಬಂದರು.

ಆ ಕಾಲದ ರೋಮಿನಲ್ಲಿ ತಪಸ್ಸುಕಾಲಕ್ಕೆ ಮುಂಚಿನ ಕಾರ್ನಿವಲ್ ದಿನಗಳ ಮೋಜು ಜೋರಾಗಿತ್ತು. ಜನರನ್ನು ಅದರಿಂದ ಪ್ರಾರ್ಥನೆಯತ್ತ ಸೆಳೆಯಲು ಯೇಸುಸಭೆಯವರು ಪರಮಪ್ರಸಾದದ ನಲವತ್ತು ತಾಸುಗಳ ಆರಾಧನೆ ನಡೆಸುತ್ತಿದ್ದರು. ಅದಕ್ಕಾಗಿ ಇಗರ್ಜಿಯ ಒಳಗೇ ಭವ್ಯವಾದ ರಂಗಸಜ್ಜಿಕೆ ಎದ್ದು ನಿಲ್ಲುತ್ತಿತ್ತು. 1685ರಲ್ಲಿ ಜೆಸು ಇಗರ್ಜಿಯಲ್ಲಿ ಪೊಝೊ ಕಾನಾ ಊರಿನ ಮದುವೆಯ ದೃಶ್ಯವನ್ನು ನಿರ್ಮಿಸಿದರು.

ಅದರಲ್ಲಿ ಕಲ್ಲಿನ ಕಟ್ಟಡ ಒಂದೂ ಇರಲಿಲ್ಲ. ಮರದ ಚೌಕಟ್ಟಿಗೆ ಬಟ್ಟೆ ಬಿಗಿದು, ಕಂಬ, ಕಮಾನುಗಳನ್ನು ಬರೆದು, ಒಂದರ ಹಿಂದೆ ಒಂದನ್ನು ಅಂತರ ಬಿಟ್ಟು ನಿಲ್ಲಿಸುವುದು. ಮರೆಯಲ್ಲಿ ದೀಪ ಇಡುವುದು. ಇಷ್ಟೇ ವಿಧಾನ. ಆದರೆ ಲೆಕ್ಕ ಕಠಿಣ. ಮೊದಲು ಇಡೀ ದೃಶ್ಯದ ಮೇಲೆ ಚೌಕಗಳ ಗೆರೆ ಎಳೆದು, ಆ ಚೌಕಗಳನ್ನು ಪ್ರತಿಯೊಂದು ಚೌಕಟ್ಟಿಗೂ ಅದರ ದೂರಕ್ಕೆ ತಕ್ಕಂತೆ ವರ್ಗಾಯಿಸಬೇಕು. ಒಂದು ಚೌಕಟ್ಟು ಗೇಣಿನಷ್ಟು ಸರಿದರೂ ಕಮಾನು ಮುರಿದಂತೆ ಕಾಣುತ್ತದೆ. ಎಲ್ಲವೂ ಸರಿಯಾಗಿದ್ದರೆ, ಬಿಡಿ ಬಿಡಿ ಬಟ್ಟೆಗಳು ಕೂಡಿ ಒಂದೇ ಅರಮನೆಯಾಗುತ್ತವೆ. ಆರಾಧನೆ ಮುಗಿದ ಮೇಲೆ ಎಲ್ಲವನ್ನೂ ಬಿಚ್ಚಲಾಗುತ್ತಿತ್ತು.

ಈ ತಾತ್ಕಾಲಿಕ ಕೆಲಸದ ವಿದ್ಯೆಯೇ ಅವರ ಶಾಶ್ವತ ಕೃತಿಗಳಲ್ಲಿಯೂ ಇದೆ. ರೋಮಿನ ಸಂತ ಇಗ್ನೇಷಿಯಸರ ಇಗರ್ಜಿಗೆ ಗುಮ್ಮಟ ಕಟ್ಟಲು ಆಗಿರಲಿಲ್ಲ. ಅದೇ 1685ರಲ್ಲಿ ಪೊಝೊ ಚಪ್ಪಟೆ ಬಟ್ಟೆಯ ಮೇಲೆ ಗುಮ್ಮಟವನ್ನು ಬರೆದು ಮೇಲೇರಿಸಿದರು. 1694ರ ಹೊತ್ತಿಗೆ ಅಲ್ಲಿನ ಛಾವಣಿಯ ಚಿತ್ರವೂ ಮುಗಿಯಿತು. ನೆಲದಲ್ಲಿ ಗುರುತು ಮಾಡಿದ ಜಾಗದಲ್ಲಿ ನಿಂತು ನೋಡಿದರೆ ಸ್ವರ್ಗವೇ ತೆರೆದಂತಿದೆ. ಪಕ್ಕಕ್ಕೆ ಸರಿದರೆ ಕಂಬಗಳು ವಾಲುತ್ತವೆ.

ಪೊಝೊ ತಮ್ಮ ವಿದ್ಯೆಯನ್ನು ಬಚ್ಚಿಡಲಿಲ್ಲ. 1693 ಮತ್ತು 1700ರಲ್ಲಿ ಎರಡು ಸಂಪುಟಗಳಲ್ಲಿ ಅಳತೆ, ನಕ್ಷೆಗಳ ಸಮೇತ ಪ್ರಕಟಿಸಿದರು. ರಂಗಸಜ್ಜಿಕೆ ಹಾಕುವ ಕ್ರಮವೂ ಅದರಲ್ಲಿದೆ. ಬಿಚ್ಚಿಹೋದ ಕಾನಾ ಮದುವೆಯ ದೃಶ್ಯ ಇಂದು ಉಳಿದಿರುವುದು ಆ ಪುಸ್ತಕದ ನಕ್ಷೆಯಲ್ಲಿ. ಚಕ್ರವರ್ತಿ ಒಂದನೇ ಲಿಯೊಪೋಲ್ಡರ ಕರೆಯಂತೆ 1702ರಲ್ಲಿ ವಿಯೆನ್ನಾಕ್ಕೆ ಹೋದ ಅವರು, 1709ರ ಆಗಸ್ಟ್ 31ರಂದು ಅಲ್ಲಿಯೇ ತೀರಿಕೊಂಡರು.

ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲಿಗೆ ಚಿತ್ರ ಬರೆದ ಆಂಟೋನಿಯೊ ಮೊಸ್ಕೆನಿಯವರೂ ಇಟಲಿಯಿಂದ ಬಂದ ಯೇಸುಸಭೆಯ ಬ್ರದರ್. ಆ ಚಿತ್ರಗಳು ಉಳಿದಿವೆ, ನಾವು ತಲೆಯೆತ್ತಿ ನೋಡುತ್ತೇವೆ. ನಲವತ್ತು ತಾಸಿಗಾಗಿ ಕಟ್ಟಿ ಬಿಚ್ಚಿದ್ದಕ್ಕೂ ಪೊಝೊ ಅಷ್ಟೇ ಶ್ರದ್ಧೆ ಕೊಟ್ಟಿದ್ದರು. ನಮ್ಮ ಇಗರ್ಜಿಗಳಲ್ಲಿ ಪರದೆಯ ಹಿಂದೆ ದುಡಿಯುವವರು ಇದನ್ನು ನೆನಪಿಡಲಿ. ಅವರನ್ನು ನಾವೂ ನೆನಪಿಡೋಣ.