ಬೋರಿಸ್ ಎಫ್ರೂಸಿ: ಯೀಸ್ಟಿನಲ್ಲಿ ವಂಶದ ಗುಟ್ಟನ್ನು ಕಂಡ ವಿಜ್ಞಾನಿ

ದಾದರಿನ ಬೇಕರಿಗಳಲ್ಲಿ ಪಾವಿನ ಹಿಟ್ಟನ್ನು ಉಬ್ಬಿಸುವ ಯೀಸ್ಟು ನಮ್ಮ ಹೋಟೆಲು ಬಂಧುಗಳಿಗೆ ಅಪರಿಚಿತವೇನಲ್ಲ. ಆ ಅಲ್ಪಜೀವಿಯ ಮೂಲಕವೇ ಅನುವಂಶಿಕ ವಿಜ್ಞಾನದಲ್ಲಿ ಹೊಸ ಅಧ್ಯಾಯವೊಂದನ್ನು ತೆರೆದವರು ಬೋರಿಸ್ ಎಫ್ರೂಸಿ.

ಇವರು 1901ರಲ್ಲಿ ಮಾಸ್ಕೋ ನಗರದಲ್ಲಿ ಜನಿಸಿದರು. ರಷ್ಯದ ಕ್ರಾಂತಿಯ ತರುವಾಯ ತಾಯ್ನಾಡನ್ನು ತೊರೆದು ಫ್ರಾನ್ಸಿಗೆ ಬಂದು, ಪರಭಾಷೆಯಲ್ಲಿಯೇ ವ್ಯಾಸಂಗವನ್ನು ಪೂರೈಸಿದರು. 1935ರಲ್ಲಿ ಅಮೆರಿಕದ ಬೀಡಲ್ ಅವರೊಡಗೂಡಿ, ಹಣ್ಣುನೊಣದ ಕಣ್ಣಿನ ಬಣ್ಣವನ್ನು ವಂಶವಾಹಿಗಳು ಹೇಗೆ ನಿಯಂತ್ರಿಸುವುವೆಂಬುದನ್ನು ಶೋಧಿಸಿದರು. ಜರ್ಮನರು ಫ್ರಾನ್ಸನ್ನು ಆಕ್ರಮಿಸಿದಾಗ ಮತ್ತೊಮ್ಮೆ ವಲಸೆ ಹೋಗಬೇಕಾಯಿತು. ಯುದ್ಧಾನಂತರ ಪ್ಯಾರಿಸಿಗೆ ಮರಳಿದರು.

ಆಗ ಗಾಯಗಳಿಗೆ ಹಚ್ಚುತ್ತಿದ್ದ ಆಕ್ರಿಫ್ಲೇವಿನ್ ಎಂಬ ಹಳದಿ ಔಷಧದಲ್ಲಿ ಅವರು ಯೀಸ್ಟನ್ನು ಬೆಳೆಸಿದರು. ಅದರ ಸಂತತಿಯೆಲ್ಲವೂ ಬಹುಮಟ್ಟಿಗೆ ಕುಬ್ಜವಾಯಿತು. ಈ ಕುಬ್ಜಗಳು ಆಮ್ಲಜನಕವನ್ನು ಬಳಸಿ ಉಸಿರಾಡಲಾರವು, ಹುದುಗುವಿಕೆಯೊಂದರಿಂದಲೇ ಜೀವಿಸುವುವು. ಆರೋಗ್ಯವುಳ್ಳ ಯೀಸ್ಟಿನೊಡನೆ ಸಂಕರಗೊಳಿಸಿದರೆ ಈ ಕುಂದು ಮೆಂಡೆಲನ ನಿಯಮದಂತೆ ಹಂಚಿಕೆಯಾಗದೆ ಮಾಯವಾಗುತ್ತಿತ್ತು. ಆದುದರಿಂದ ಇದರ ಮೂಲವು ಜೀವಕೋಶದ ಕೇಂದ್ರದಲ್ಲಿಲ್ಲ, ಅದರ ಹೊರಗಿದೆಯೆಂದು 1949ರಲ್ಲಿ ಎಫ್ರೂಸಿಯವರು ಪ್ರತಿಪಾದಿಸಿದರು. ಆ ಮೂಲವು ಕೋಶಕ್ಕೆ ಒಲೆಯಂತಿರುವ ಮೈಟೋಕಾಂಡ್ರಿಯವೆಂಬುದು ಮುಂದೆ ಸ್ಥಿರಪಟ್ಟಿತು.

ಪೋಲೆಂಡಿನಿಂದ ಬಂದು ಅವರ ಶಿಷ್ಯರಾದ ಸ್ಲೋನಿಮ್ಸ್ಕಿಯವರು ಈ ಕಾರ್ಯವನ್ನು ಮುಂದುವರಿಸಿದರು. ಕ್ಲೋರಾಂಫೆನಿಕಾಲ್, ಎರಿಥ್ರೊಮೈಸಿನ್ ಔಷಧಗಳಿಗೆ ಜಗ್ಗದ ಯೀಸ್ಟುಗಳನ್ನು ಆರಿಸಿ, ಆ ಗುಣಗಳ ನೆಲೆಯನ್ನು 1970ರ ಸುಮಾರಿಗೆ ಗುರುತಿಸತೊಡಗಿದರು. ಇದಕ್ಕೆ ಗುರುಗಳ ಕುಬ್ಜ ಯೀಸ್ಟುಗಳೇ ನೆರವಾದುವು. ಅವುಗಳಲ್ಲಿ ಅನೇಕವು ಮೈಟೋಕಾಂಡ್ರಿಯದ ಡಿಎನ್‌ಎಯ ತುಂಡೊಂದನ್ನು ಮಾತ್ರ ಉಳಿಸಿಕೊಂಡಿರುತ್ತವೆ. ಹರಿದ ಬಿಲ್ಲಿನ ಚೂರಿನಲ್ಲಿ ಒಂದರ ಕೆಳಗೊಂದು ಬರೆದ ಬಾಬುಗಳು ಜೊತೆಯಾಗಿ ಉಳಿಯುವಂತೆ, ಇಂತಹ ತುಂಡುಗಳಲ್ಲಿ ಪದೇ ಪದೇ ಒಟ್ಟಿಗೆ ಉಳಿಯುವ ಗುಣಗಳು ನೆರೆಹೊರೆಯವೆಂದು ತಿಳಿಯಬೇಕು. ಹೀಗೆ ಒಂದೊಂದಾಗಿ ಕೂಡಿಸಿ ನಕ್ಷೆಯನ್ನು ರಚಿಸಲಾಯಿತು.

1979ರಲ್ಲಿ ಎಫ್ರೂಸಿಯವರು ತೀರಿಕೊಂಡರು. ಅವರು ತೋರಿದ ದಾರಿಯು ಯೀಸ್ಟಿಗೇ ಮುಗಿಯಲಿಲ್ಲ. ಕ್ಷಯರೋಗಕ್ಕೆ ಕೊಡುವ ಸ್ಟ್ರೆಪ್ಟೋಮೈಸಿನ್ ಮತ್ತು ಅದೇ ವರ್ಗದ ಚುಚ್ಚುಮದ್ದುಗಳಿಂದ ಕೆಲವು ಮನೆತನಗಳವರಿಗೆ ಕಿವುಡು ಬರುವುದೇಕೆ? ತಾಯಿಯಿಂದ ಮಕ್ಕಳಿಗೆ ಬರುವ ಮೈಟೋಕಾಂಡ್ರಿಯದಲ್ಲಿನ ಅತಿ ಸಣ್ಣದೊಂದು ವ್ಯತ್ಯಾಸವೇ ಅದಕ್ಕೆ ಕಾರಣವೆಂದು 1993ರಲ್ಲಿ ತಿಳಿದುಬಂದಿತು. ಆದುದರಿಂದ ತಾಯಿಯ ಕಡೆಯವರಲ್ಲಿ ಯಾರಿಗಾದರೂ ಚುಚ್ಚುಮದ್ದಿನ ತರುವಾಯ ಕಿವಿ ಮಂದವಾಗಿದ್ದರೆ, ಚಿಕಿತ್ಸೆಗೆ ಮೊದಲೇ ವೈದ್ಯರಿಗೆ ಅದನ್ನು ತಿಳಿಸುವುದು ಪ್ರತಿಯೊಬ್ಬರ ಕರ್ತವ್ಯ.