ಮರಳಿ ಕಾಲೇಜಿಗೆ ಹೋದ ಪ್ರೋಗ್ರಾಮರ್

ತಾಲ್ಲೂಕು ಕಚೇರಿಯ ಭೂಮಿ ಕೇಂದ್ರದಲ್ಲಿ ಸರ್ವೆ ನಂಬರ್ ಹೇಳಿದರೆ ಪಹಣಿ ಮುದ್ರಣವಾಗಿ ಕೈಗೆ ಬರುತ್ತದೆ. ಬ್ಯಾಂಕ್ ಪಾಸ್‌ಬುಕ್, ರೈಲು ಟಿಕೆಟ್, ಪರೀಕ್ಷೆಯ ಫಲಿತಾಂಶ, ಹೀಗೆ ಎಲ್ಲದರ ಹಿಂದೆಯೂ ಒಂದು ಡೇಟಾಬೇಸ್ ಇರುತ್ತದೆ. ಅದನ್ನು ಸರಳ ಟೇಬಲ್‌ಗಳಲ್ಲಿ ಕಟ್ಟುವ ದಾರಿ ತೋರಿಸಿದವರು ಎಡ್ಗರ್ ಫ್ರಾಂಕ್ ಕಾಡ್. ಸಾಫ್ಟ್‌ವೇರ್ ಕೆಲಸದ ಕನಸು ಹೊತ್ತ ನಮ್ಮ ಜಿಲ್ಲೆಯ ಯುವಕ ಯುವತಿಯರು ಓದಲೇಬೇಕಾದ ಬದುಕು ಅವರದು.

1923ರ ಆಗಸ್ಟ್ 19ರಂದು ಇಂಗ್ಲೆಂಡಿನ ಪೋರ್ಟ್‌ಲ್ಯಾಂಡ್ ದ್ವೀಪದಲ್ಲಿ ಹುಟ್ಟಿದ ಕಾಡ್, ಏಳು ಮಕ್ಕಳಲ್ಲಿ ಕೊನೆಯವರು. ತಾಯಿ ಶಾಲಾ ಶಿಕ್ಷಕಿ. ಆಕ್ಸ್‌ಫರ್ಡ್‌ನಲ್ಲಿ ಗಣಿತ, ರಸಾಯನಶಾಸ್ತ್ರ ಓದುತ್ತಿದ್ದವರು ಎರಡನೇ ಮಹಾಯುದ್ಧದಲ್ಲಿ ವಾಯುಪಡೆಯ ಪೈಲಟ್ ಆದರು. ಯುದ್ಧದ ನಂತರ ಪದವಿ ಮುಗಿಸಿ 1948ರಲ್ಲಿ ಅಮೆರಿಕಕ್ಕೆ ಹೋದರು. ಅಂಥ ಪದವಿ ಇದ್ದರೂ ನ್ಯೂಯಾರ್ಕಿನ ಅಂಗಡಿಯೊಂದರ ಬಟ್ಟೆ ವಿಭಾಗದಲ್ಲಿ ಕೆಲಕಾಲ ಮಾರಾಟಗಾರರಾಗಿ ದುಡಿದರು. 1949ರಲ್ಲಿ ಐಬಿಎಂ ಕಂಪನಿಯಲ್ಲಿ ಪ್ರೋಗ್ರಾಮರ್ ಕೆಲಸ ಸಿಕ್ಕಿತು.

1953ರಲ್ಲಿ, ಕಮ್ಯುನಿಸ್ಟರನ್ನು ಹುಡುಕುವ ನೆಪದಲ್ಲಿ ಅಮೆರಿಕದಲ್ಲಿ ನಡೆಯುತ್ತಿದ್ದ ಬೇಟೆಗೆ ಬೇಸತ್ತು ಕೆನಡಾಕ್ಕೆ ಹೊರಟರು. ನಾಲ್ಕು ವರ್ಷಗಳ ನಂತರ ಹಿಂತಿರುಗಿ ಐಬಿಎಂನ ದೊಡ್ಡ ಕಂಪ್ಯೂಟರ್ ಯೋಜನೆಯಲ್ಲಿ ದುಡಿದರು. ಹತ್ತು ವರ್ಷಕ್ಕೂ ಹೆಚ್ಚಿನ ಅನುಭವವಿತ್ತು, ಒಳ್ಳೆಯ ಕೆಲಸವಿತ್ತು. ಆದರೂ ನಲವತ್ತರ ಹತ್ತಿರದ ವಯಸ್ಸಿನಲ್ಲಿ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಸೇರಿ ಮತ್ತೆ ವಿದ್ಯಾರ್ಥಿಯಾದರು. 1965ರಲ್ಲಿ ಪಿಎಚ್.ಡಿ. ಪಡೆದರು. ಮುಂದೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದ ಐಬಿಎಂ ಪ್ರಯೋಗಾಲಯ ಸೇರಿದರು.

ಆಗಿನ ಡೇಟಾಬೇಸ್‌ಗಳಲ್ಲಿ ಒಂದು ಮಾಹಿತಿ ಬೇಕೆಂದರೆ, ಅದು ಎಲ್ಲಿ, ಯಾವ ಕೊಂಡಿ ಹಿಡಿದು ಸಿಗುತ್ತದೆ ಎಂದು ಪ್ರೋಗ್ರಾಮರೇ ಹಾದಿ ಬರೆಯಬೇಕಿತ್ತು. ಜೋಡಣೆ ಬದಲಾದರೆ ಪ್ರೋಗ್ರಾಂಗಳನ್ನೂ ತಿದ್ದಬೇಕಿತ್ತು. 1970ರ ಪ್ರಬಂಧದಲ್ಲಿ ಕಾಡ್ ಬೇರೆ ದಾರಿ ಸೂಚಿಸಿದರು. ಮಾಹಿತಿಯೆಲ್ಲ ಟೇಬಲ್‌ಗಳಲ್ಲಿರಲಿ, ಏನು ಬೇಕೆಂದಷ್ಟೇ ಮನುಷ್ಯ ಕೇಳಲಿ, ಹುಡುಕುವ ಹೊಣೆ ಕಂಪ್ಯೂಟರಿನದಾಗಲಿ ಎಂಬುದು ಅದರ ಸಾರ. ಇದಕ್ಕೆ ಆಧಾರ ಕಾಲೇಜಿನಲ್ಲಿ ನಾವೂ ಓದುವ ಗಣಗಳ ಗಣಿತ.

ಗಂಗಾವತಿಯ ಒಂದು ರೈಸ್ ಮಿಲ್ಲಿನ ಲೆಕ್ಕವನ್ನೇ ಊಹಿಸಿಕೊಳ್ಳಿ. ರೈತರೊಬ್ಬರು ಹತ್ತು ಸಲ ಭತ್ತ ತಂದರೆ ಅವರ ಹೆಸರು, ಊರು, ಬ್ಯಾಂಕ್ ಖಾತೆ ಹತ್ತು ಸಾಲುಗಳಲ್ಲಿ ಕೂರುತ್ತವೆ. ಖಾತೆ ಬದಲಾದಾಗ ಒಂದು ಸಾಲು ತಿದ್ದಿ ಒಂಬತ್ತನ್ನು ಮರೆತರೆ ಹಣ ಹಳೆಯ ಖಾತೆಗೆ ಹೋಗುತ್ತದೆ. ಕಾಡ್ ಅವರ ಕ್ರಮದಲ್ಲಿ ರೈತರದ್ದೇ ಒಂದು ಟೇಬಲ್, ಪ್ರತಿ ರೈತರಿಗೆ ಒಂದು ಸಂಖ್ಯೆ. ಭತ್ತದ ಟೇಬಲ್‌ನಲ್ಲಿ ಆ ಸಂಖ್ಯೆ ಮಾತ್ರ. ಖಾತೆಯನ್ನು ಒಂದೇ ಕಡೆ ತಿದ್ದಿದರೆ ಸಾಕು. ಇದೇ ನಾರ್ಮಲೈಸೇಷನ್. ಸಂದರ್ಶನಕ್ಕೆಂದು ಇದರ ವ್ಯಾಖ್ಯೆ ಉರು ಹೊಡೆಯುವವರು ಬಹಳ, ಮಿಲ್ಲಿನ ಲೆಕ್ಕಕ್ಕೆ ಅನ್ವಯಿಸುವವರು ಕಡಿಮೆ.

ಕಾಡ್ ಅವರ ಮಾತನ್ನು ಅವರ ಕಂಪನಿಯೇ ಬೇಗ ಒಪ್ಪಲಿಲ್ಲ. ಐಎಂಎಸ್ ಎಂಬ ಹಳೆಯ ಮಾದರಿಯ ಡೇಟಾಬೇಸ್‌ನಿಂದ ಐಬಿಎಂಗೆ ಒಳ್ಳೆಯ ಆದಾಯವಿತ್ತು. ಕಾಡ್ ಬಿಡದೆ ಬರೆದರು, ವಿರೋಧಿಗಳ ಜೊತೆ ವೇದಿಕೆಯಲ್ಲಿ ವಾದಿಸಿದರು. ಕೊನೆಗೆ ಐಬಿಎಂನಲ್ಲಿ ಪ್ರಯೋಗ ಶುರುವಾಯಿತು. ಅಲ್ಲಿ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ರೂಪಿಸಿದ ಭಾಷೆಯೇ ಇಂದಿನ ಎಸ್‌ಕ್ಯೂಎಲ್. ಆದರೆ 1979ರಲ್ಲಿ ಒರಾಕಲ್ ಅನ್ನು ಮಾರುಕಟ್ಟೆಗೆ ತಂದದ್ದು ಬೇರೊಂದು ಸಣ್ಣ ಕಂಪನಿ. ಬರ್ಕ್‌ಲಿ ವಿಶ್ವವಿದ್ಯಾಲಯದಲ್ಲೂ ಇದೇ ಮಾದರಿಯ ಇಂಗ್ರೆಸ್ ಸಿದ್ಧವಾಯಿತು. ಅದರ ಮುಂದಿನ ಕುಡಿಯೇ ಇಂದು ಯಾರು ಬೇಕಾದರೂ ಉಚಿತವಾಗಿ ಹಾಕಿಕೊಳ್ಳಬಹುದಾದ ಪೋಸ್ಟ್‌ಗ್ರೆಸ್. 1981ರಲ್ಲಿ ಕಾಡ್ ಅವರಿಗೆ ಕಂಪ್ಯೂಟರ್ ಕ್ಷೇತ್ರದ ಅತ್ಯುನ್ನತ ಟ್ಯೂರಿಂಗ್ ಪ್ರಶಸ್ತಿ ಬಂತು. ಟೇಬಲ್ ತೋರಿಸಿದ ಮಾತ್ರಕ್ಕೆ ತಮ್ಮ ಸರಕನ್ನು ರಿಲೇಷನಲ್ ಎಂದು ಕರೆಯುತ್ತಿದ್ದ ಕಂಪನಿಗಳನ್ನು ಅಳೆಯಲು 1985ರಲ್ಲಿ ನಿಯಮಗಳ ಪಟ್ಟಿ ಪ್ರಕಟಿಸಿದರು. 2003ರ ಏಪ್ರಿಲ್ 18ರಂದು ಫ್ಲಾರಿಡಾದಲ್ಲಿ ತೀರಿಕೊಂಡರು.

ಯಲಬುರ್ಗಾ, ಕುಷ್ಟಗಿಯಿಂದ ಹುಬ್ಬಳ್ಳಿ, ಬೆಂಗಳೂರಿಗೆ ಹೋಗಿ ಸಾಲ ಮಾಡಿ ಕೋರ್ಸ್ ಸೇರುವವರು ನಮ್ಮಲ್ಲಿ ಎಷ್ಟೋ ಮಂದಿ. ಫೀ ಕಟ್ಟುವ ಮುನ್ನ ಒಂದು ಪ್ರಶ್ನೆ ಕೇಳಿ: ಅಲ್ಲಿ ಕಲಿಸುವುದು ಒಂದು ಸಾಫ್ಟ್‌ವೇರಿನ ಗುಂಡಿಗಳನ್ನೋ, ಟೇಬಲ್ ಕಟ್ಟುವ ವಿಚಾರವನ್ನೋ? ಗುಂಡಿಗಳು ಹೊಸ ಆವೃತ್ತಿ ಬಂದಾಗ ಬದಲಾಗುತ್ತವೆ. ಟೇಬಲ್ ವಿನ್ಯಾಸ, ಕೀ, ಜಾಯಿನ್ 1970ರಿಂದ ಇಂದಿಗೂ ನಡೆದು ಬಂದಿವೆ. ಇವನ್ನು ಕಲಿಯಲು ಮೊದಲಿಗೆ ಕಂಪ್ಯೂಟರ್ ಕೂಡ ಬೇಕಿಲ್ಲ. ನಿಮ್ಮೂರಿನ ಕಿರಾಣಿ ಅಂಗಡಿಯ ಉದ್ರಿ ಪುಸ್ತಕವನ್ನು ನೋಟ್‌ಬುಕ್ಕಿನಲ್ಲಿ ಮೂರು ಟೇಬಲ್‌ಗಳಾಗಿ ಬಿಡಿಸಿ ನೋಡಿ. ಆಮೇಲೆ ಪೋಸ್ಟ್‌ಗ್ರೆಸ್‌ನಲ್ಲಿ ಅದನ್ನೇ ಕಟ್ಟಿ. ಸಂದರ್ಶನದಲ್ಲಿ ತೋರಿಸಲು ನಿಮ್ಮದೇ ಒಂದು ಕೆಲಸ ಕೈಯಲ್ಲಿರುತ್ತದೆ.